ಬೇರಿಂಗಿನ ಆಟ

ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಹೋಗುವುದನ್ನು ಕಂಡು ‘ಆಹಾ, ಎಷ್ಟು ಅನ್ಯೋನ್ಯ’ ಎಂದು ಮೆಚ್ಚಿಕೊಳ್ಳುವವರು ಅವಸರ ಮಾಡಬಾರದು. ಮೊದಲು ಹೆಂಡತಿಯ ಕೈ ಎಲ್ಲಿದೆ ಎಂದು ನೋಡಬೇಕು. ಕೆಲವರ ಕೈ ಸೀಟಿನ ಹಿಂದಿನ ಕಂಬಿಯ ಮೇಲಿರುತ್ತದೆ, ಕೆಲವರದು ತರಕಾರಿ ಚೀಲದ ಮೇಲೆ. ಇನ್ನು ಕೆಲವರು ಎರಡೂ ಕೈಯಲ್ಲಿ ಮೊಬೈಲು ಹಿಡಿದಿರುತ್ತಾರೆ. ಗಂಡ ನಡುದಾರಿಯಲ್ಲಿ ಉದುರಿಹೋದರೂ ಅವರಿಗೆ ತಿಳಿಯುವುದಿಲ್ಲ. ಭುಜದ ಮೇಲೆ ಕೈಯಿದ್ದರೆ ಮಾತ್ರ ಆ ಸಂಸಾರದ ಬಗ್ಗೆ ಒಂದು ಒಳ್ಳೆಯ ಮಾತು ಆಡಬಹುದು. ಚಾಮರಾಜನಗರದಲ್ಲಿ ಅರಿಶಿನದ ವ್ಯಾಪಾರ ಮಾಡಿಕೊಂಡಿರುವ ನನಗೆ ಈ ಸಂಶೋಧನೆಯೆಲ್ಲ ಯಾಕೆ ಎಂದರೆ, ಅದಕ್ಕೆ ನನ್ನ ಬೈಕಿನ ಬೇರಿಂಗುಗಳೇ ಕಾರಣ.

ನನ್ನದು ಕಲ್ಲುಮುಳ್ಳಿನ ದಾರಿಗೆಂದೇ ಮಾಡಿದ, ಎತ್ತರದ ಮಡ್‌ಗಾರ್ಡಿನ ಹಳೇ ಕಾಲದ ಬೈಕು. ಅಂಥದ್ದು ಈಗ ತಯಾರಾಗುವುದಿಲ್ಲ. ಯಾಕೆ ತಯಾರಾಗುವುದಿಲ್ಲ ಎನ್ನುವುದು ನನ್ನ ಹೆಂಡತಿ ಮಾದೇವಿಗೆ ಚೆನ್ನಾಗಿ ಗೊತ್ತು. ಮದುವೆಯಾದ ಹೊಸತರಲ್ಲಿ ಅವಳನ್ನು ಕೂರಿಸಿಕೊಂಡು ಪುಣಜನೂರಿನ ಕಾಡುದಾರಿಯಲ್ಲಿ ಹೊರಟಿದ್ದೆ. ನಮ್ಮಿಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದಳು. ಒಂದು ತಿರುವಿನಲ್ಲಿ ರಸ್ತೆಯ ಮಧ್ಯೆ ಇನ್ನೂ ಹಬೆಯಾಡುತ್ತಿದ್ದ ಆನೆ ಲದ್ದಿ ಕಂಡಿತು. ಆನೆ ಕಾಣಲಿಲ್ಲ. ಆದರೆ ಅವಳ ಕೈ ನನ್ನ ಭುಜಕ್ಕೆ ಬಂತು, ಮನೆ ಮುಟ್ಟುವತನಕ ಅಲ್ಲೇ ಇತ್ತು. ಆ ಆನೆಗೆ ನಾನು ಇವತ್ತಿಗೂ ಋಣಿ.

ಇತ್ತೀಚೆಗೆ ಬೈಕು ತಿರುವು ಬಂದರೆ ಸಾಕು, ಸೊಂಟ ಬಳುಕಿಸತೊಡಗಿತು. ಗಾಳಿ ಎಂದೆ, ರಸ್ತೆ ಸರಿಯಿಲ್ಲ ಎಂದೆ. ಒಂದು ದಿನ ಮಾದೇವಿ ಇಳಿದು ನಿಂತುಬಿಟ್ಟಳು. “ನೀವು ಒಂದೂರ್ಗ ಓಯ್ತೀರಿ, ನಾ ಇನ್ನೊಂದೂರ್ಗ ಓಯ್ತೀನಿ ಕಣ್ರೀ. ಇದ ಸರಿ ಮಾಡ್ಸೋಗಂಟ ನಾ ಕೂರಲ್ಲ. ಉಡಿಗಾಲಕ್ಕ ಬಸ್ಸಲ್ಲೇ ಬತ್ತೀನಿ.”

ಉಡಿಗಾಲ ಅವಳ ತವರು. ಮುಂದಿನ ವಾರ ಅಲ್ಲಿ ಅವಳ ತಮ್ಮನ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಹೆಂಡತಿ ಬಸ್ಸಿನಿಂದ, ಗಂಡ ಬೈಕಿನಿಂದ ಬೇರೆಬೇರೆ ಇಳಿದರೆ, ನೆಂಟರು ಮಗುವನ್ನು ಬಿಟ್ಟು ನಮಗೇ ಹೆಸರಿಡುತ್ತಾರೆ. ಅದಾದರೂ ಹೋಗಲಿ. ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಆ ಬೈಕು ಓಡಿಸಲು ನನಗೆ ಮನಸ್ಸೇ ಬರುವುದಿಲ್ಲ.

ಗುಂಡ್ಲುಪೇಟೆಯ ಕುಟ್ಟಿಯಣ್ಣನ ಬಳಿಗೆ ಹೋದೆ. ಹಳೇ ಬೈಕುಗಳ ಮೆಕ್ಯಾನಿಕ್ಕು. ಅವನ ಕನ್ನಡ ಗುಂಡ್ಲುಪೇಟೆಯಲ್ಲಿ ಹೊರಟು ಅರ್ಧ ದಾರಿಯಲ್ಲಿ ಕೇರಳಕ್ಕೆ ತಿರುಗಿಕೊಳ್ಳುತ್ತದೆ. ಬೈಕನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ಅಲ್ಲಾಡಿಸಿದ. ಚಕ್ರವನ್ನು ಹಿಡಿದುಕೊಂಡಿರುವ ಕಬ್ಬಿಣದ ಕವಲಿನ ಬುಡದಲ್ಲಿ ಟಕಟಕ ಎಂದಿತು. “ಸಾರೇ, ಬೇರಿಂಗಿಗೆ ಆಟ ಬಂದಿದೆ,” ಎಂದ. ಸವೆದು ಸಡಿಲವಾದದ್ದಕ್ಕೆ ಅವರು ಆಟ ಎನ್ನುತ್ತಾರೆ. ಹೊಸ ಬೇರಿಂಗುಗಳನ್ನು ಹುಡುಕಿ ಕೊಟ್ಟನೇ ಹೊರತು ಕೂರಿಸಲು ಅವನಿಗೆ ಪುರುಸೊತ್ತಿರಲಿಲ್ಲ; ಊರಲ್ಲಿ ಮದುವೆಯಂತೆ. “ಬೇರಿಂಗ್ ಫ್ರೀಜರಲ್ಲಿ ಇಡಿ, ಕವಲಿಗೆ ಬಿಸಿನೀರು ಹಾಕಿ ಒರೆಸಿ. ತನ್ನಷ್ಟಕ್ಕೆ ಕೂರುತ್ತದೆ,” ಎಂದು ಹೇಳಿ ಕಳಿಸಿದ.

ತನ್ನಷ್ಟಕ್ಕೆ ಕೂರುವುದು ಈ ಲೋಕದಲ್ಲಿ ಧೂಳು ಮಾತ್ರ. ಮನೆಯಂಗಳದಲ್ಲಿ ಚಕ್ರ ಬಿಚ್ಚಿ, ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಕುಡಿಸಿ, ಸುತ್ತಿಗೆಯಲ್ಲಿ ಬೋಲ್ಟಿಗಿಂತ ಹೆಚ್ಚಾಗಿ ನನ್ನ ಹೆಬ್ಬೆರಳಿಗೇ ಹೊಡೆದುಕೊಂಡು, ಕವಲನ್ನು ಈಚೆಗೆ ತೆಗೆಯುವಷ್ಟರಲ್ಲಿ ಒಳಗಿನಿಂದ ಕೂಗು ಬಂತು.

“ಏನ್ರೀ ಇವು, ಫ್ರಿಜ್ಜಲ್ಲಿ ಕಬ್ಬಿಣದ ಕೋಡುಬಳೆ?”

“ಬೇರಿಂಗು ಕಣೇ. ತಣ್ಣಗಾದ್ರ ಕುಗ್ತವ.”

“ಹಂಗಾದ್ರ ನೀವೂ ಒಳಿಕ್ಕ ಕೂತ್ಕಳಿ, ಹೊಟ್ಟೆ ಕುಗ್ಲಿ.”

ಬಾಯಲ್ಲಿ ಹಾಗೆಂದರೂ ಹಂಡೆಯಿಂದ ಬಿಸಿನೀರು ತಂದು ಸುರಿದವಳು ಅವಳೇ. ಸೆರಗು ಸಿಕ್ಕಿಸಿಕೊಂಡು ಕವಲನ್ನು ಅಲುಗದಂತೆ ಒತ್ತಿ ಹಿಡಿದಳು. ನಾನು ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದೆ. ಬೇರಿಂಗು ‘ಠಕ್’ ಎಂದು ಒಳಗೆ ಕೂತಾಗ ಇಬ್ಬರೂ ಮಕ್ಕಳಂತೆ ನಕ್ಕೆವು. ಅವಳ ಕೆನ್ನೆಗೆ ಗ್ರೀಸು ಮೆತ್ತಿತ್ತು. ಹೇಳಲಿಲ್ಲ, ಚೆನ್ನಾಗಿ ಕಾಣುತ್ತಿತ್ತು.

ಕಾರ್ಯದ ದಿನ ಮಾದೇವಿ ಹಿಂದೆ ಕೂತಳು. ಬೈಕು ನೀರಿನಲ್ಲಿ ದೋಣಿ ಹೋದಂತೆ ಹೋಯಿತು. ಒಂದು ತಿರುವು ಕಳೆಯಿತು, ಎರಡನೆಯದೂ ಕಳೆಯಿತು. ಬಳುಕಲಿಲ್ಲ. ಮೀಸೆ ತಿರುವಿಕೊಳ್ಳಬೇಕೆನ್ನುವಾಗ ಏನೋ ಕಡಮೆಯಾದಂತೆ ಅನ್ನಿಸಿತು. ಕನ್ನಡಿಯಲ್ಲಿ ನೋಡಿದೆ. ಅವಳ ಎರಡೂ ಕೈ ಮಡಿಲಿನಲ್ಲಿದ್ದ, ಮಗುವಿಗೆಂದು ತಂದ ಉಡುಗೊರೆ ಚೀಲದ ಮೇಲೆ ನೆಮ್ಮದಿಯಾಗಿ ಮಲಗಿದ್ದವು. ರಸ್ತೆ ನುಣುಪಾಗಿತ್ತು, ಆನೆಯಿರಲಿಲ್ಲ, ಬೇರಿಂಗು ಹೊಸದು; ಇನ್ನು ನನ್ನ ಭುಜ ಯಾರಿಗೆ ಬೇಕು? ಹೆಬ್ಬೆರಳು ಜಜ್ಜಿಕೊಂಡು ನಾನು ರಿಪೇರಿ ಮಾಡಿದ್ದು ಇದಕ್ಕೇನಾ ಎಂದು ಹೊಟ್ಟೆ ಉರಿಯಿತು.

ಮುಂದಿನ ತಿರುವಿನಲ್ಲಿ ಹ್ಯಾಂಡಲನ್ನು ಒಂಚೂರು, ಒಂದೇ ಒಂಚೂರು ಅಲ್ಲಾಡಿಸಿದೆ.

“ಏನ್ರೀ, ಮತ್ತ ಆಟ ಬಂತಾ?”

“ಹಂಗೇ ಕಾಣ್ತದ.”

ಅವಳು ಬಗ್ಗಿ ಹಿಂದಿನ ಚಕ್ರ ನೋಡಿದ್ದು ಕನ್ನಡಿಯಲ್ಲಿ ಕಂಡಿತು. ಆಮೇಲೆ, “ಕವಲು ಹಿಡ್ಕಂಡು ಕೂರಿಸ್ದೋಳು ನಾನು. ಅದು ಆಡಲ್ಲ. ಆಡ್ತಾ ಇರೋರು ಯಾರು ಅಂತ ಗೊತ್ತು ಬುಡಿ,” ಎಂದಳು. ಭುಜದ ಮೇಲೆ ಕೈ ಬಂದು ಕೂತಿತು. ಉಡಿಗಾಲದಲ್ಲಿ ಅವಳ ತವರಿನವರೆಲ್ಲ ನೋಡುತ್ತಿದ್ದರೂ ಬೈಕು ನಿಲ್ಲುವತನಕ ತೆಗೆಯಲಿಲ್ಲ.

ಮದುವೆ ಮುಗಿಸಿ ಬಂದ ಕುಟ್ಟಿಯಣ್ಣ ಮೊನ್ನೆ ಫೋನು ಮಾಡಿದ್ದ. “ಆಟ ಪೂರ್ತಿ ಹೋಯಿತಾ ಸಾರೇ?”

“ಬೈಕಿಂದು ಹೋಯ್ತು,” ಎಂದೆ. “ಉಳಿದದ್ದು ಇರ್ಲಿ ಬುಡು.”