ಪರದೆಯ ಮೇಲಿನ ದ್ವೀಪ, ಮೈಮೇಲಿನ ಸ್ವೆಟರ್

ಮಳೆಗಾಲವಿಡೀ ನಮ್ಮ ಸ್ಟುಡಿಯೋ ಸುಮ್ಮನೆ ಮುದುರಿಕೊಂಡಿರುತ್ತಿತ್ತು. ಚಳಿ ಶುರುವಾಯಿತೋ, ಏನಾದರೊಂದು ನಗೆಪಾಟಲು ಆಗಲೇಬೇಕು. ನಮ್ಮ ಮೆಟ್ಟಿಲು ಹತ್ತಿದ ಮೇಲೆ ಜನಕ್ಕೆ ಹಾಗಾಗುತ್ತಿತ್ತೋ, ಥಂಡಿಗೆ ತಲೆ ಮರಗಟ್ಟಿ ಹಾಗಾಡುತ್ತಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ತೊಂಬತ್ತರ ದಶಕದ ಮಾತು. ಸಿದ್ದಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆ ಮೇಲೆ ನಮ್ಮನೆಯವರ ಫೋಟೋ ಸ್ಟುಡಿಯೋ. ಫೋಟೋ ತೆಗೆಯುವುದು ಅವರು. ಬಂದವರಿಗೆ ಬಾಚಣಿಗೆ, ಪೌಡರ್ ಡಬ್ಬಿ ಕೊಡುವುದು, ಅಂಗಿಯ ಕಾಲರ್ ಸರಿಮಾಡುವುದು, ಅಳುವ ಮಕ್ಕಳ ಎದುರು ಗಿಲಕಿ ಆಡಿಸುವುದು ನಾನು. ನಾನು ಯಲ್ಲಾಪುರದ ಕಡೆಯವಳು. ಹಾಗಂತ ಅಲ್ಲೇನು ಬೆಂಕಿ ಸುರಿಯುತ್ತಿರಲಿಲ್ಲ, ಅಲ್ಲೂ ಚಳಿಯೇ. ಆದರೆ ನನ್ನ ಮೈ ಚಳಿಗೆಂದು ಮಾಡಿದ್ದಲ್ಲ ಮಾರಾಯರೇ. ತುಳಸಿ ಮದುವೆ ಮುಗಿಯುತ್ತಿದ್ದ ಹಾಗೆ ಹಿಮ್ಮಡಿ ಒಡೆಯುತ್ತಿತ್ತು, ಬೆರಳು ಸೆಟೆಯುತ್ತಿತ್ತು, ಕೆಮ್ಮು ಹತ್ತಿದರೆ ಶಿವರಾತ್ರಿವರೆಗೆ ಇಳಿಯುತ್ತಿರಲಿಲ್ಲ. ನಮ್ಮ ಅತ್ತೆಯೋ, ಇನ್ನೂ ಕತ್ತಲಿರುವಾಗಲೇ ಎದ್ದು ತಣ್ಣೀರು ಮೈಮೇಲೆ ಹೊಯ್ದುಕೊಂಡು ಬರುವ ಹೆಂಗಸು. ನಾನು ನಡುಗುವುದನ್ನು ನೋಡಿ, ಥಂಡಿ ಥಂಡಿ ಹೇಳಿದ್ರೇ ಥಂಡಿ ಆಗ್ತು ಕೂಸೆ, ಎನ್ನುತ್ತಿದ್ದರು. ನಾನು ಹೇಳದೆ ಕೂತೂ ನೋಡಿದ್ದೇನೆ, ಆಗಲೂ ಅಷ್ಟೇ ಥಂಡಿ.

ದ್ವೀಪ ಬಂದು ನೇತಾಡಿದ್ದು

ನಾನು ಮದುವೆಯಾಗಿ ಬಂದ ವರ್ಷವೇ ನಮ್ಮನೆಯವರು ಸ್ಟುಡಿಯೋಕ್ಕೆ ಹೊಸ ಪರದೆ ಬರೆಸಿದರು. ಹಳೆಯದರಲ್ಲಿ ಒಂದು ಬಂಗಲೆ, ಅದರ ಮುಂದೊಂದು ಕಾರಂಜಿ ಇತ್ತು. ಕಾರಂಜಿ ಹಳತಾಯಿತು, ಈಗಿನವರಿಗೆ ಸಮುದ್ರ ಬೇಕು ಎಂದು ಇವರು ಶಿರಸಿಯ ಒಬ್ಬ ನಾಟಕದ ಪರದೆ ಬರೆಯುವವರಿಗೆ ಒಪ್ಪಿಸಿದರು. ಬಂತು ನೋಡಿ ದ್ವೀಪ. ನೀಲಿ ಸಮುದ್ರ, ಬಿಳಿ ಮರಳು, ನೀರಿಗೆ ಬಾಗಿದ ತೆಂಗಿನ ಮರಗಳು, ಒಂದು ದೋಣಿ. ಸೂರ್ಯ ಮಾತ್ರ ಖಾಸಾ ನಾಟಕದ ಸೂರ್ಯ, ಸುತ್ತ ಕಿರೀಟದ ಹಾಗೆ ಕಿರಣ ಹೊತ್ತವನು.

ಲೈಟು ಸರಿ ಬೀಳುತ್ತದಾ ನೋಡಲು ಮೊದಲು ನನ್ನನ್ನೇ ನಿಲ್ಲಿಸಿದರು. ನಾನು ಕಂದು ಬಣ್ಣದ ಉಣ್ಣೆ ಸ್ವೆಟರ್ ಹಾಕಿದ್ದೆ. ಮುಂಡಗೋಡದ ಕ್ಯಾಂಪಿನಿಂದ ಟಿಬೆಟಿನ ಹೆಂಗಸರು ಚಳಿಗಾಲಕ್ಕೆ ಶಿರಸಿಗೆ ತಂದು ಮಾರುತ್ತಾರಲ್ಲ, ಅದು. ಸಮುದ್ರದ ದಂಡೆಯಲ್ಲಿ ಸ್ವೆಟರ್ ಚಂದ ಕಾಣುವುದಿಲ್ಲ, ಒಂದೇ ಒಂದು ಕ್ಲಿಕ್ಕು, ತೆಗಿ ಎಂದು ಇವರು ಗೋಗರೆದರು. ನಾನು ಜಪ್ಪಯ್ಯ ಎಂದರೂ ತೆಗೆಯಲಿಲ್ಲ. ಹೊಸ ಹೆಂಡತಿ ಮೊದಲ ಸಲ ಎದುರಾಡಿದ್ದು ಅದಕ್ಕೇ. ಆಮೇಲೆ ಪ್ರತಿವರ್ಷ ಹೊಸ ಬಲ್ಬು ಹಾಕಿದಾಗೆಲ್ಲ, ಕ್ಯಾಮೆರಾ ರಿಪೇರಿಯಾಗಿ ಬಂದಾಗೆಲ್ಲ ನಾನೇ ನಿಲ್ಲುವುದು, ಅದೇ ಪರದೆ, ಅದೇ ಸ್ವೆಟರ್.

ಅವತ್ತು ಫೋಟೋ ತೆಗೆದ ಮೇಲೂ ನಾನು ಆ ಪರದೆಯನ್ನೇ ನೋಡುತ್ತ ನಿಂತಿದ್ದೆ. ಆ ಮರಳಿನ ಮೇಲೆ ಬರಿಗಾಲಲ್ಲಿ ನಿಂತರೆ ಹಿಮ್ಮಡಿಗೆ ಎಷ್ಟು ಹಿತವಾಗಬಹುದು ಅನಿಸಿ, ಒಂಥರಾ ಆಸೆ ಎದ್ದುಬಿಟ್ಟಿತು. ಇವರಿಗೆ ಅದು ಗೊತ್ತಾಯಿತು ಕಾಣುತ್ತದೆ.

“ಮುಂದಿನ ಥಂಡಿಗೆ ನಿನ್ನ ಇಂಥಾ ದ್ವೀಪಕ್ಕೇ ಕರ್ಕಂಡು ಹೋಗ್ತೆ, ನೋಡ್ತಿರು” ಎಂದರು.

ನೋಡುತ್ತಲೇ ಇದ್ದೆ, ಪರದೆಯನ್ನು.

ಬುಡದಲ್ಲಿ ನೀರು

ಹೆಗ್ಗರಣೆ ಕಡೆಯ ತೋಟದ ಯಜಮಾನರೊಬ್ಬರು ಸೊಸೈಟಿಗೆ ಬೇಕು ಎಂದು ಸಣ್ಣ ಅಳತೆಯ ಫೋಟೋ ತೆಗೆಸಲು ಬಂದರು. ಅದಕ್ಕೆ ಹಿಂದೆ ದ್ವೀಪ ಬೇಡ, ಬಿಳಿ ಬಟ್ಟೆ ಸಾಕು. ಇವರು ಬಿಳಿ ಬಟ್ಟೆ ಹುಡುಕುತ್ತಿರುವಾಗ ಯಜಮಾನರು ಕವಳ ಜಗಿಯುತ್ತ ಪರದೆಯ ಹತ್ತಿರ ಹೋದರು. ಕನ್ನಡಕ ಏರಿಸಿದರು, ಇಳಿಸಿದರು. ತೆಂಗಿನ ಗರಿಯ ಮೇಲೆ ಬೆರಳಾಡಿಸಿದರು. ಪರದೆ ಬರೆದವರು ಬಿಸಿಲು ಬಿದ್ದ ಹಾಗೆ ಕಾಣಲೆಂದು ಗರಿಗಳಿಗೆ ಒಂದಿಷ್ಟು ಹಳದಿ ಬಳಿದಿದ್ದರು.

ಯಜಮಾನರು ನನ್ನನ್ನು ಕರೆದರು. ದನಿ ತಗ್ಗಿಸಿ, ಕಾಯಿಲೆಯವರ ಮನೆಯಲ್ಲಿ ಮಾತಾಡುವ ಹಾಗೆ ಕೇಳಿದರು.

“ಎಂತ ತಂಗಿ, ಬುಡದಲ್ಲಿ ಇಷ್ಟು ನೀರು ನಿಂತಿದ್ದು. ಬೇರು ಕೊಳೀದೆ ಮತ್ತೆಂತ ಆಗ್ತು? ಬಸಿಗಾಲುವೆ ತೆಗೆಸಿದ್ರಿಲ್ಯಾ?”

ಅದು ಸಮುದ್ರ, ತೋಟದ ನೀರಲ್ಲ ಎಂದೆ. ಯಾವ ನೀರಾದರೂ ನೀರೇ, ಬಸಿದು ಹೋಗಬೇಕು ಎಂದರು. ಇಷ್ಟು ಹಳದಿ ಏರಿದ ಮೇಲೆ ಮದ್ದು ಹೊಡೆದರೂ ಕಷ್ಟ ಎಂದರು. ಇವರು ಬಿಳಿ ಬಟ್ಟೆ ಕಟ್ಟಿ ಕೂರಿಸಿದರೆ ಅವರ ಕುತ್ತಿಗೆ ತೆಂಗಿನ ಮರದ ಕಡೆಗೇ. ನೇರ ನೋಡಿ ಎಂದರೆ ನೋಡುವುದು, ಕ್ಲಿಕ್ ಮಾಡುವಷ್ಟರಲ್ಲಿ ಮತ್ತೆ ಮರಕ್ಕೆ. ಕೊನೆಗೆ ನಾನು ಮರಕ್ಕೆ ಚಾದರ ಹೊದೆಸಿದ ಮೇಲೆ ಫೋಟೋ ಬಂತು. ಹೋಗುವಾಗ, ಮುಂದಿನ ಸಲ ಬಂದಾಗ ನೋಡುತ್ತೇನೆ, ಅಲ್ಲಿವರೆಗೆ ಮರ ಉಳಿದಿದ್ದರೆ, ಎಂದು ಹೇಳಿ ಮೆಟ್ಟಿಲಿಳಿದರು.

ಸಮುದ್ರದ ಗಾಳಿ

ಇನ್ನೊಂದು ವರ್ಷ ಹೊಸ ಮದುಮಕ್ಕಳು ಬಂದರು. ಹುಡುಗಿ ಇಲ್ಲೇ ಸಿದ್ದಾಪುರದವಳು, ಹುಡುಗ ಗುಡ್ನಾಪುರದ ಕಡೆಯವನು. ಮದುವೆಯಾದ ಮೇಲೆ ಮೊದಲ ಸಲ ಅತ್ತೆಮನೆಗೆ ಬಂದವನು, ಜೊತೆಯಲ್ಲಿ ಅವನ ತಾಯಿ. ಜೋಡಿ ಫೋಟೋ ಆಗಬೇಕು. ಹುಡುಗನಿಗೆ ಮೂಗು ಸೋರುವ ನೆಗಡಿ. ತಲೆಗೆ ಮಂಕಿ ಟೋಪಿ, ಕಣ್ಣು ಮೂಗು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ.

ಟೋಪಿ ತೆಗೆಯಪ್ಪಾ ಎಂದು ಇವರು ಹೇಳಿದ್ದೇ ತಡ, ತಾಯಿ ಅಡ್ಡ ಬಂದರು. ಒಂದು ಗಳಿಗೆಗೆ ಏನೂ ಆಗುವುದಿಲ್ಲ, ಮುಖ ಕಾಣದಿದ್ದರೆ ಯಾರ ಫೋಟೋ ಎಂದು ತಿಳಿಯುವುದು ಹೇಗೆ ಎಂದು ನಾನೂ ಹೇಳಿದೆ. ಪಕ್ಕದಲ್ಲಿ ಹೆಂಡತಿ ನಿಂತಿದ್ದಾಳಲ್ಲ, ಅವಳನ್ನು ನೋಡಿದರೆ ತಿಳಿಯುತ್ತದೆ ಎಂದರು ಅವರು. ಬಾಗಿಲು ಹಾಕಿದ್ದೇವೆ, ಒಳಗೆ ಗಾಳಿಯೇ ಇಲ್ಲ ಎಂದೆ. ಅವರು ಪರದೆಯ ಕಡೆ ಕೈ ಮಾಡಿದರು.

“ಹಿಂದ ಅಷ್ಟ್ ದೊಡ್ಡ ಸಮುದ್ರ ಐತಿ. ಆ ಗಾಳಿಗೆ ಟೋಪಿ ತೆಗೆದ್ರ ಹುಡುಗ ಉಳಿತಾನೇನ್ರಿ?”

ನಗಬಾರದು ಎಂದು ನಾನು ತುಟಿ ಕಚ್ಚಿಕೊಂಡೆ. ತಾಯಿಯ ಸಂಕಟ ತಾಯಿಗೆ, ಅದನ್ನು ನೋಡಿ ನಗುವುದು ಹೇಗೆ? ಫೋಟೋ ಟೋಪಿಯ ಸಮೇತವೇ ಆಯಿತು. ತೊಳೆದು ಬಂದ ಮೇಲೆ ನೋಡಿದರೆ, ಗಾಳಿಯ ಮಾತು ಕೇಳಿದ ಹುಡುಗಿಯೂ ಸದ್ದಿಲ್ಲದೆ ಸೆರಗನ್ನು ಕಿವಿಗೆ ಸುತ್ತಿಕೊಂಡುಬಿಟ್ಟಿದ್ದಳು.

ಸೂರ್ಯ ಹುಟ್ಟದ ದಿನ

ಸ್ಟುಡಿಯೋದ ಎರಡು ದೊಡ್ಡ ಲೈಟುಗಳ ಮಾತು ಹೇಳಲೇಬೇಕು. ಎರಡೂ ಹೊತ್ತಿಕೊಂಡರೆ ಸ್ಟೂಲಿನ ಮೇಲೆ ಕೂತವರಿಗೆ ಒಲೆಯ ಮುಂದೆ ಕೂತಷ್ಟು ಬೆಚ್ಚಗೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಲೈಟು ಹಾಕಿಕೊಂಡು ದ್ವೀಪದ ಎದುರು ಕೂತು ಹೂ ಕಟ್ಟುತ್ತಿದ್ದೆ. ಕರೆಂಟು ಸುಡುತ್ತದೆ ಎಂದು ಇವರು ಗೊಣಗುತ್ತಿದ್ದರು. ದ್ವೀಪಕ್ಕೆ ಕರೆದುಕೊಂಡು ಹೋಗುವವರೆಗೆ ನನ್ನ ದ್ವೀಪ ಇದೇ ಎಂದರೆ ಕ್ಯಾಮೆರಾ ಒರೆಸಲು ಹೋಗುತ್ತಿದ್ದರು.

ಒಮ್ಮೆ ನಿವೃತ್ತ ಮಾಸ್ತರರೊಬ್ಬರು ಪಿಂಚಣಿ ಕಾಗದಕ್ಕೆ ಫೋಟೋ ತೆಗೆಸಲು ಬಂದರು. ಹೊರಗೆ ಮಂಜು ಎಂದರೆ ಎದುರಿನ ಅಂಗಡಿಯ ಬೋರ್ಡು ಕಾಣದಷ್ಟು. ಕ್ಲಿಕ್ ಆಯಿತು. ಕಣ್ಣು ಮುಚ್ಚಿಬಿಟ್ಟೆ ಕಾಣುತ್ತದೆ, ಇನ್ನೊಂದು ತೆಗಿ ಎಂದರು. ಇನ್ನೊಂದು ಆಯಿತು. ಕೆಮ್ಮಿಬಿಟ್ಟೆ ಎಂದರು. ಆಮೇಲೆ ಶಾಲು ಓರೆಯಾಯಿತು, ಆಮೇಲೆ ಹಲ್ಲುಸೆಟ್ಟು ಅಲ್ಲಾಡಿತು. ಇವರಿಗೆ ರೋಲು ಮುಗಿಯುವ ಚಿಂತೆ. ನನಗೆ ಮಾತ್ರ ಸಂಗತಿ ತಿಳಿದುಹೋಯಿತು, ನಾನೂ ಅದೇ ಜಾತಿಯವಳಲ್ಲವೇ. ಮಾಸ್ತರೇ, ಫೋಟೋ ಆಗಿದೆ, ಸುಮ್ಮನೆ ಕೂತುಕೊಳ್ಳಿ ಎಂದು ಒಂದು ಲೋಟ ಕಷಾಯ ಕೊಟ್ಟೆ. ಅವರು ನಾಚಿಕೊಂಡು ನಕ್ಕರು. ಮರುದಿನ ಪೇಪರ್ ಹಿಡಿದುಕೊಂಡು ಬಂದರು. ಅದರ ಮರುದಿನ ತಮ್ಮ ವಯಸ್ಸಿನ ಇನ್ನೊಬ್ಬರನ್ನೂ ಕರೆತಂದರು.

ಒಂದು ಬೆಳಿಗ್ಗೆ ಎರಡೂ ಬಲ್ಬು ಸುಟ್ಟುಹೋಗಿದ್ದವು. ಮಾಸ್ತರರು ಮೆಟ್ಟಿಲು ಹತ್ತಿ ಬಂದು, ಕತ್ತಲೆಯಲ್ಲಿ ನೇತಾಡುವ ದ್ವೀಪ ನೋಡಿ, ಬಾಗಿಲಲ್ಲೇ ನಿಂತರು.

“ಇವತ್ತು ಸೂರ್ಯ ಹುಟ್ಟಿದ್ನಿಲ್ಯಾ?” ಎಂದು ಕೇಳಿ, ಶಾಲು ಬಿಗಿದುಕೊಂಡು ಹೊರಟೇ ಹೋದರು.

ಬದರಿಯ ಚೀಲ

ದ್ವೀಪದ ಮಾತು ವರ್ಷ ವರ್ಷವೂ ಮುಂದೆ ಹೋಗುತ್ತಿತ್ತು. ಮದುವೆ ಸೀಸನ್ನಿನಲ್ಲಿ ಫೋಟೋದವರು ಊರು ಬಿಡುವ ಹಾಗಿಲ್ಲ. ಧನುರ್ಮಾಸದಲ್ಲಿ ಮದುವೆ ಇಲ್ಲ, ಆದರೆ ಅದೇ ಹೊತ್ತಿಗೆ ಶಾಲೆಗಳ ವಾರ್ಷಿಕೋತ್ಸವದ ಗ್ಯಾದರಿಂಗು, ಗ್ರೂಪ್ ಫೋಟೋ. ಮುಂದಿನ ಥಂಡಿಗೆ ಎಂಬ ಮಾತು ಕೇಳಿ ಕೇಳಿ ನಾನು ಸಿಟ್ಟು ಮಾಡುವುದನ್ನೂ ಬಿಟ್ಟೆ. ಒಳಗೊಳಗೇ ಬೇಜಾರು ಇತ್ತು, ಸುಳ್ಳು ಯಾಕೆ ಹೇಳಲಿ. ಹೀಗೇ ಪರದೆ ಮಾಸಿ, ನಾನೂ ಮಾಸಿ, ಆ ಮರಳಿನ ಮೇಲೆ ಕಾಲಿಡದೆಯೇ ಹೋಗುತ್ತೇನೆ ಅನಿಸುತ್ತಿತ್ತು.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಚಳಿಗಾಲ ನನ್ನ ಕೆಮ್ಮು ವಿಪರೀತಕ್ಕೆ ಹೋಯಿತು. ಮಾತಾಡಿದ್ದು ಯಾರು ಗೊತ್ತಾ, ಥಂಡಿಯೇ ಇಲ್ಲ ಎನ್ನುವ ನಮ್ಮ ಅತ್ತೆ. ಮಗನನ್ನು ಕೂರಿಸಿಕೊಂಡು, “ಅದರ ಕೆಮ್ಮು ಕೇಳಿ ಕೇಳಿ ಎನ್ನ ಕಿವಿ ಹೋತು. ಹೇಳಿದ್ದು ಮಾಡು, ಕರ್ಕಂಡು ಹೋಗು ಒಂದ್ಸಲ” ಎಂದರು. ಶಿರಸಿಯಿಂದ ಒಂದು ತಂಡ ಅಂಡಮಾನಿಗೆ ಹೊರಟಿತ್ತು. ಇವರು ಹೋಗಿ ಹೆಸರು ಬರೆಸಿ ಬಂದರು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಆಮೇಲೆ ಚೀಲ ಕಟ್ಟಲು ಕೂತೆ. ಚಳಿಗಾಲದಲ್ಲಿ ಊರು ಬಿಡುವಾಗ ಏನೇನು ಕಟ್ಟಬೇಕೋ ಕೈಗೆ ರೂಢಿ. ಕಂಬಳಿ ಎರಡು, ಮಂಕಿ ಟೋಪಿ ಎರಡು, ಕಾಲುಚೀಲ, ಕಷಾಯದ ಪುಡಿ, ಬಿಸಿನೀರು ತುಂಬುವ ರಬ್ಬರ್ ಚೀಲ. ಶಿರಸಿಯಲ್ಲಿ ಬಸ್ಸಿಗೆ ಸಾಮಾನು ಏರಿಸುವಾಗ ಚೀಲದ ಬಾಯಿ ಬಿಚ್ಚಿ ಕಂಬಳಿ ಹೊರಗೆ ಬಂತು. ತಂಡ ಕರೆದೊಯ್ಯುವವನು ಅದನ್ನು ನೋಡಿದ, ನನ್ನ ಸ್ವೆಟರ್ ನೋಡಿದ.

“ಅಕ್ಕಾ, ಎಂಗ ಹೋಪದು ಅಂಡಮಾನಿಗೆ. ಬದರಿಗೆ ಹೋಪ ಬಸ್ಸು ಬೇರೆ.”

ಪರದೆಯೋ, ಖರೆಯೋ

ಬಸ್ಸು, ಹಡಗು ಎಲ್ಲ ಮುಗಿಸಿ ಅಂಡಮಾನಿನಲ್ಲಿ ಇಳಿದೆವು. ಏನು ಹೇಳಲಿ ಆ ಜಾಗ. ಮೊದಲ ಬೆಳಿಗ್ಗೆ ರೂಢಿಯ ಮೇಲೆ ಬಚ್ಚಲಲ್ಲಿ ಹಂಡೆ ಎಲ್ಲಿ ಎಂದು ಹುಡುಕಿದೆ. ನಲ್ಲಿ ತಿರುಗಿಸಿದರೆ ಬಂದ ನೀರೇ ಬೆಚ್ಚಗಿತ್ತು. ಸಮುದ್ರದ ದಂಡೆಗೆ ಹೋದೆವು. ಬಿಳಿ ಮರಳು, ಬಾಗಿದ ತೆಂಗಿನ ಮರ, ಎಲ್ಲ ಪರದೆಯಲ್ಲಿದ್ದ ಹಾಗೆಯೇ. ಚಪ್ಪಲಿ ಬಿಟ್ಟು ನಿಂತೆ. ಬಿಸಿ ಮರಳು ಹಿಮ್ಮಡಿಗೆ ತಾಗಿತು. ಕೆಮ್ಮು ಎಲ್ಲಿ ಹೋಯಿತೋ. ಸ್ವೆಟರ್ ತೆಗೆದು ಇವರ ಹೆಗಲ ಮೇಲೆ ಎಸೆದೆ. ಖುಷಿಗೆ ಅಳುವೇ ಬಂದುಬಿಟ್ಟಿತು.

ಇವರು ಏನಾದರೂ ಒಂದು ಒಳ್ಳೆಯ ಮಾತು ಹೇಳುತ್ತಾರೆ ಎಂದು ಕಾದೆ. ಇವರು ಕ್ಯಾಮೆರಾ ಎತ್ತಿ, ಗಲ್ಲ ಕೆಳಗೆ, ಕುತ್ತಿಗೆ ಸ್ವಲ್ಪ ಓರೆ, ಅಲ್ಲಾಡಡ ಎಂದರು. ಅಷ್ಟೇ ಅಲ್ಲ, ಎಡಗೈ ಚಾಚಿ ಗಾಳಿಯಲ್ಲಿ ಏನನ್ನೋ ತಡಕಿದರು. ಏನು ಎಂದೆ. ಲೈಟಿನ ಸ್ವಿಚ್ಚು ಹುಡುಕುತ್ತಿದ್ದರಂತೆ.

ಊರಿಗೆ ಬಂದು ಆ ಫೋಟೋವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಗೋಡೆಗೆ ಹಾಕಿದೆವು. ನಾನು ಬಂದವರಿಗೆಲ್ಲ ತೋರಿಸಿದೆ. ಕೆಳಗಿನ ಬಟ್ಟೆ ಅಂಗಡಿಯವರು ನೋಡಿ, ಪರದೆ ಹೊಸದು ಬರೆಸಿದ್ರಾ, ಚಲೋ ಇದೆ ಎಂದರು. ಮಾಸ್ತರರು ನೋಡಿ, ಸೂರ್ಯ ಎಲ್ಲಿ, ಮೊದಲಿನ ಪರದೆಯೇ ಒಳ್ಳೆಯದಿತ್ತು ಎಂದರು. ಅಯ್ಯೋ, ಇದು ಖರೆ ದ್ವೀಪ, ನಾವು ಹಡಗಿನಲ್ಲಿ ಹೋಗಿದ್ದೆವು ಎಂದರೆ, ಹೌದೌದು ಎಂದು ನಗುವುದು. ತಪ್ಪು ಅವರದ್ದೂ ಅಲ್ಲ. ಇಡೀ ಊರಿನವರು ನಿಂತ ಹಾಗೆಯೇ ಗಲ್ಲ ಕೆಳಗೆ, ಕುತ್ತಿಗೆ ಓರೆ ಮಾಡಿ ನನ್ನನ್ನೂ ನಿಲ್ಲಿಸಿದ್ದರಲ್ಲ ಈ ಮಹಾರಾಯರು. ಅಷ್ಟು ವರ್ಷ ಕಾದು ಹೋಗಿ ಬಂದದ್ದು ಹೀಗೆ ಬರೀ ಬಣ್ಣದ ಬಟ್ಟೆಯ ಲೆಕ್ಕಕ್ಕೆ ಹೋಯಿತಲ್ಲ.

ಆಗಲೇ ಹೆಗ್ಗರಣೆಯ ಯಜಮಾನರು ಬಂದರು. ಫೋಟೋದ ಎದುರು ಬಹಳ ಹೊತ್ತು ನಿಂತರು. ಕನ್ನಡಕ ಏರಿಸಿ ಗರಿ ನೋಡಿದರು, ಬುಡ ನೋಡಿದರು. ಮುಖ ಅರಳಿತು.

“ಬಸಿಗಾಲುವೆ ತೆಗೆಸಿದ್ರಿ ಕಾಣ್ತು. ಗಿಡ ಚಲೋ ಆಯ್ದು” ಎಂದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಇವರೂ ನಕ್ಕರು. ನಾನು ಸಿಟ್ಟಿಗೆ ಫೋಟೋ ಇಳಿಸಲು ಕೈ ಹಾಕಿದೆ. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಅತ್ತೆ ಬಂದರು. ಇದೆಂತ ಗಲಾಟೆ ಎಂದು ಕೇಳಿದರು. ಯಜಮಾನರು ಪರದೆಯ ವಿಚಾರ ಹೇಳಿದರು. ಅತ್ತೆ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು, ತಿರುಗಿ ನನ್ನನ್ನು ನೋಡಿದರು. ನಾನು ಅದೇ ಕಂದು ಸ್ವೆಟರ್, ಮೇಲೊಂದು ಶಾಲು, ತಲೆಗೆ ಟೋಪಿ ಹಾಕಿಕೊಂಡು ನಡುಗುತ್ತ ನಿಂತಿದ್ದೆ.

“ಇದು ಖರೆ ದ್ವೀಪವೇಯ. ಸಿದ್ದಾಪುರದಲ್ಲಾಗಿದ್ರೆ ಎನ್ನ ಸೊಸೆ ಸ್ವೆಟರ್ ತೆಗಿತಿತ್ತಾ?”

ಎಲ್ಲರೂ ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಯಾರೂ ಪರದೆಯ ಮಾತೆತ್ತಲಿಲ್ಲ. ಯಜಮಾನರಂತೂ ನನ್ನ ಹತ್ತಿರ ಬಂದು, ಹಡಗಿನಲ್ಲಿ ಊಟಕ್ಕೆ ಎಂತ ಕೊಟ್ರು ತಂಗಿ, ಎಂದು ಕೇಳಿದರು.