ಠಾಕುರ್ಲಿಯಲ್ಲಿ ಇಳಿಯುವ ಅಂಟು

ಅವಸರ ನನ್ನ ಹುಟ್ಟುಗುಣ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ನಾನು ತಟ್ಟೆಯ ಮುಂದೆ ಎರಡು ಸಲ ಕೂತು ಎದ್ದಿರುತ್ತೇನೆ. ಇಂಥವನಿಗೆ ದೇವರು ಕೊಟ್ಟ ಕೆಲಸವಾದರೂ ಎಂಥದ್ದು? ಕಲ್ಯಾಣದ ಪಕ್ಕದ ಶಹಾಡಿನ ಪುಟ್ಟ ಕಾರ್ಖಾನೆಯಲ್ಲಿ, ಮೈದಾಹಿಟ್ಟಿನಂಥ ಅಲ್ಯುಮಿನಾ ಪುಡಿಗೆ ಅಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಡಿಸುವುದು. ಪುಡಿ ಕರಗಬಾರದು, ಕಣಕ್ಕೆ ಕಣ ಬೆಸೆದು ಕಲ್ಲಾಗಬೇಕು. ಅದಕ್ಕೆ ಎರಡು ದಿನ.

ಹದಿನೈದು ವರ್ಷದ ಹಿಂದಿನ ಮಾತು. ಬಟ್ಟೆ ಗಿರಣಿಯಲ್ಲಿ ನೂಲು ಜಾರುವ ಬಿಳಿ ಉಂಗುರಗಳ ಸ್ಯಾಂಪಲ್ ಪಾಸಾದರೆ ನನ್ನನ್ನು ಪರ್ಮನೆಂಟ್ ಮಾಡುವುದಾಗಿ ಮಾಲೀಕರು ಹೇಳಿದ್ದರು. ಕಲ್ಯಾಣದಿಂದ ಲೋಕಲ್ ರೈಲಿನಲ್ಲಿ ಒಂದೇ ಸ್ಟೇಷನ್ ದೂರದ ಠಾಕುರ್ಲಿಯ ಬಾಡಿಗೆ ಖೋಲಿಯಲ್ಲಿ ಹೊಸ ಹೆಂಡತಿ ಅದೊಂದು ಸುದ್ದಿಗೆ ಕಾಯುತ್ತಿದ್ದಳು. ಎರಡು ದಿನದ ಕೆಲಸವನ್ನು ಒಂದರಲ್ಲಿ ಮುಗಿಸಿ ಎಲ್ಲರನ್ನೂ ಬೆರಗುಗೊಳಿಸುವ ಹುಮ್ಮಸ್ಸು ನನಗೆ. ಕುಲುಮೆ ನೋಡಿಕೊಳ್ಳುತ್ತಿದ್ದ ಕಲಬುರಗಿಯ ಶರಣಪ್ಪನವರಿಗೆ ಬಿಸಿ ಬೇಗ ಏರಿಸಲು ಹೇಳಿದೆ.

"ಸರ್, ಫಾಸ್ಟ್ ಗಾಡಿ ಠಾಕುರ್ಲಿದಾಗ ನಿಲ್ತದೇನ್ರಿ?" ಎಂದರು.

"ಇಲ್ಲ."

"ಹಂಗ ನೋಡ್ರಿ. ಪುಡಿ ಕಲ್ಯಾಣದಿಂದ ದಾದರ್‌ತನ ಹೋಗೂದು ಖರೆ. ಆದ್ರ ಒಳಗಿನ ಅಂಟು ಸುಟ್ಟು ಇಳಿಯೂದು ಠಾಕುರ್ಲಿದಾಗ, ಬಿಸಿ ಇನ್ನೂ ಕಡಿಮಿ ಇದ್ದಾಗ. ಅಲ್ಲಿ ನಿಲ್ಲಸಲಿಲ್ಲಂದ್ರ ಅದು ಗ್ವಾಡಿ ಒಡಕೊಂಡು ಹೊರಗ ಬರ್ತದ."

ಡಿಗ್ರಿ ನನ್ನದು, ಕುಲುಮೆಯ ಮುಂದಿನ ಸ್ಟೂಲು ಅವರದು. ನಾನೇ ಗುಂಡಿ ತಿರುಗಿಸಿದೆ. ಮರುದಿನ ಬಾಗಿಲು ತೆರೆದರೆ ಒಳಗಿದ್ದ ಉಂಗುರಗಳೆಲ್ಲ ಹಪ್ಪಳದ ಚೂರು. ಶರಣಪ್ಪನವರು ಕಪಾಟಿನಿಂದ ಒಂದು ತಟ್ಟೆ ತಂದರು. ನನಗೆ ಗೊತ್ತಾಗದಂತೆ ಅರ್ಧದಷ್ಟು ಉಂಗುರಗಳನ್ನು ಸುಡದೆ ಎತ್ತಿಟ್ಟಿದ್ದರು.

"ನಿಮ್ಮ ಮ್ಯಾಲ ಭರೋಸಾ ಇತ್ರಿ. ನಿಮ್ಮ ಅವಸರದ ಮ್ಯಾಲೂ ಇತ್ತು."

ಅವನ್ನು ನಿಧಾನವಾಗಿ ಸುಡುತ್ತ ಎರಡು ದಿನ ಆ ಸ್ಟೂಲಿನ ಪಕ್ಕ ಕೂತು, ಅವರ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಕಾದೆ. ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯಿಂದ ಕಾದದ್ದು ಅದೊಂದೇ ಸಲ. ಈಗ ನಾನಿರುವ ಐರೋಲಿಯ ಲ್ಯಾಬಿನಲ್ಲಿ, ಒತ್ತುತ್ತಲೇ ಕರೆಂಟು ಹಾಯಿಸುವ ಯಂತ್ರವೊಂದು ಅದೇ ಪುಡಿಯನ್ನು ಹತ್ತು ನಿಮಿಷದಲ್ಲಿ ಕಲ್ಲು ಮಾಡುತ್ತದೆ. ಅದರ ಪಕ್ಕ ಸ್ಟೂಲಿಲ್ಲ, ರೊಟ್ಟಿ ಬಿಚ್ಚುವಷ್ಟು ಹೊತ್ತೂ ಇಲ್ಲ. ಊರಿಗೆ ಮರಳಿದ ಶರಣಪ್ಪನವರು ನೆನಪಾಗಿ ಬೇಜಾರಾಗುತ್ತದೆ.

ಅಂದು ಆ ಉಂಗುರಗಳ ಸ್ಯಾಂಪಲ್ ಪಾಸಾಯಿತು, ನಾನು ಪರ್ಮನೆಂಟ್ ಆದೆ. ಹೆಂಡತಿಗೆ ಹೇಳುವ ಆತುರದಲ್ಲಿ ಕಲ್ಯಾಣದಲ್ಲಿ ಕಣ್ಣಿಗೆ ಬಿದ್ದ ಮೊದಲ ಗಾಡಿಗೆ ಜಿಗಿದೆ. ಅದು ಫಾಸ್ಟ್. ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆಯೇ ಠಾಕುರ್ಲಿ ಬಂತು, ಹೋಯಿತು. ಮುಂದಿನ ಸ್ಟೇಷನ್ ಡೊಂಬಿವಲಿಯಲ್ಲಿ ಇಳಿದು ಹಿಂದಕ್ಕೆ ನಡೆದು ಮನೆ ಸೇರಿದೆ. ಇದನ್ನು ಶರಣಪ್ಪನವರಿಗೆ ಇವತ್ತಿನವರೆಗೂ ಹೇಳಿಲ್ಲ.