ಒಂದೇ ಗುಂಡಿಗೆ ಎದ್ದ ಕಾರ್ಖಾನೆ

ಇನ್ನು ಮೇಲೆ ನಾನು ಸರ್ವರ್‌ಗಳಿದ್ದಲ್ಲಿಗೆ ಓಡುವುದಿಲ್ಲ, ನಾನಿದ್ದಲ್ಲಿಂದಲೇ ಅವುಗಳನ್ನು ಎಬ್ಬಿಸುತ್ತೇನೆ ಎಂದು ಸ್ನಾನ ಮಾಡಿ, ದೇವರ ಮುಂದೆ ನಿಂತು ಪ್ರತಿಜ್ಞೆ ಮಾಡಿದೆ.

ಅತ್ತಿಬೆಲೆಯಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕಂಪ್ಯೂಟರುಗಳಿಗೆಲ್ಲ ನಾನೇ ಧಣಿ. ಮನೆಯಿರುವುದು ಮಹದೇವಪುರದಲ್ಲಿ. ಕರೆಂಟು ಹೋದರೆ ಯುಪಿಎಸ್ ಸ್ವಲ್ಪ ಹೊತ್ತು ಹೆಣಗಾಡಿ ಕೈಚೆಲ್ಲುತ್ತದೆ, ಸರ್ವರ್‌ಗಳು ಮಲಗುತ್ತವೆ. ಕರೆಂಟು ಬಂದರೂ ಆ ಮಹಾರಾಯರು ತಾವಾಗಿ ಏಳುವುದಿಲ್ಲ. ನಾನೇ ಹೋಗಿ ಎಬ್ಬಿಸಬೇಕು. ಅದೇನು ಗ್ರಹಚಾರವೋ, ಅಲ್ಲಿ ಕರೆಂಟು ಹೋಗುವುದು ನನ್ನ ಹೆಂಡತಿ ಶಶಿಕಲಾಳ ತವರಿನಲ್ಲಿ ಏನಾದರೊಂದು ಕಾರ್ಯ ಇರುವ ದಿನವೇ.

"ವೇಣಿ ಸೀಮಂತದ ದಿನ ಫೋನ್ ಬಂತು ಅಂತ ಎದ್ದು ಹೋದ್ರೆ, ಅಲ್ಲೇ ಸರ್ವರ್ ಜೊತೆ ಸಂಸಾರ ಮಾಡ್ಕೊಂಡಿರಿ" ಎಂದು ಶಶಿಕಲಾ ಮೊದಲೇ ಹೇಳಿಬಿಟ್ಟಿದ್ದಳು. ವೇಣಿ ಅವಳ ತಂಗಿ.

"ನಾನು ಎದ್ದು ಹೋಗಲ್ಲ ಕಣೇ. ಅಲ್ಲೇ ಕೂತು ಹೋಳಿಗೆ ತಿಂತಾ ಅದನ್ನ ಎಬ್ಬಿಸ್ತೀನಿ."

ಇದು ಬಾಯಿಬಡಾಯಿ ಆಗಿರಲಿಲ್ಲ. ನೆಟ್‌ವರ್ಕ್ ಮೂಲಕ ಒಂದು ಸಣ್ಣ ಸಂದೇಶ ಕಳಿಸಿದರೆ ಮಲಗಿದ ಕಂಪ್ಯೂಟರ್ ಎದ್ದು ಕೂರುವಂತೆ ಮಾಡಬಹುದು. ಆ ಸೌಲಭ್ಯವನ್ನು ಪ್ರತಿಯೊಂದರಲ್ಲೂ ಚಾಲೂ ಮಾಡಬೇಕು, ಅಷ್ಟೇ. ಒಂದು ವಾರ ಕೂತು ಕಾರ್ಖಾನೆಯ ಕಂಪ್ಯೂಟರುಗಳನ್ನು ಒಂದೊಂದಾಗಿ ಮಲಗಿಸಿದೆ, ಫೋನಿನಿಂದ ಎಬ್ಬಿಸಿದೆ, ಮತ್ತೆ ಮಲಗಿಸಿದೆ. ಕೊನೆಗೆ ಫೋನಿನ ಪರದೆಯ ಮೇಲೆ ಒಂದು ದೊಡ್ಡ ಹಸಿರು ಗುಂಡಿ ಮಾಡಿಟ್ಟುಕೊಂಡೆ. ಅದರ ಮೇಲೆ 'ಎಲ್ಲ' ಎಂದು ಬರೆದೆ. ಬರೆಯುವಾಗ ಬ್ರಹ್ಮನಿಗೂ ಇಷ್ಟು ಹೆಮ್ಮೆ ಆಗಿರಲಾರದು.

ಭಾನುವಾರ ಆನೇಕಲ್ಲಿನ ಮಾವನ ಮನೆಯಲ್ಲಿ ಸೀಮಂತ. ಮೊದಲ ಪಂಕ್ತಿಯಲ್ಲೇ ಕೂತಿದ್ದೆ. ಎರಡನೆಯ ಹೋಳಿಗೆ ಎಲೆಗೆ ಬೀಳುವ ಹೊತ್ತಿಗೆ ಫೋನು ಬಂತು. ನಮ್ಮ ಡಿಸ್‌ಪ್ಯಾಚ್ ಮ್ಯಾನೇಜರ್ ಕೃಷ್ಣ.

"ಭಾನು ಸಾರ್, ಕರೆಂಟ್ ಹೋಗಿ ಬಂತು. ಬಿಲ್ಲಿಂಗ್ ಸರ್ವರ್ ಎದ್ದಿಲ್ಲ. ಲಾರಿ ಲೋಡಾಗಿ ನಿಂತಿದೆ, ಬಿಲ್ ಇಲ್ದೆ ಗೇಟ್ ದಾಟಂಗಿಲ್ಲ. ಬೆಳಗಾಗೋದ್ರೊಳಗೆ ಚೆನ್ನೈ ಬಂದರು ಸೇರ್ಬೇಕು ಸಾರ್."

ಶಶಿಕಲಾ ಹೋಳಿಗೆ ಬುಟ್ಟಿ ಹಿಡಿದು ಅಲ್ಲೇ ನಿಂತು ನನ್ನನ್ನು ನೋಡಿದಳು. ನಾನು ನಗುತ್ತ ಎಡಗೈಯಲ್ಲಿ ಫೋನು ಎತ್ತಿ ಹಿಡಿದೆ.

"ಎಲ್ಲರೂ ನೋಡ್ತಿರಿ. ಇಲ್ಲಿ ಒತ್ತಿದ್ರೆ ಅತ್ತಿಬೆಲೇಲಿ ಏಳುತ್ತೆ."

ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ನನ್ನ ಮಾವ ದಾಸಪ್ಪನವರು ಪಕ್ಕದ ಎಲೆಯಿಂದ ಬಗ್ಗಿ ನೋಡಿದರು. "ಅದೆಂಗ್ ಅಳೀಮಯ್ಯ? ಅಲ್ಲಿ ಯಾರೂ ಇಲ್ದಂಗೆ ಅದೇ ಎದ್ಬುಡ್ತದಾ?"

"ಅದೇ ಮಾವ ವಿದ್ಯೆ."

"ಅಂಗಾದ್ರೆ ರೈಟ್" ಎಂದರು ಮಾವ. ಒತ್ತಿದೆ.

ಹೋಳಿಗೆಯ ಮೇಲೆ ತುಪ್ಪ ಬಿತ್ತು. ಅರ್ಧ ಹೋಳಿಗೆ ಮುಗಿಯಿತು. ಆಗ ಸೆಕ್ಯೂರಿಟಿ ನಲ್ಲಪ್ಪನ ಫೋನು. ಅವನ ಮಾತಿಗಿಂತ ಮೊದಲು ಒಂದು ದೀರ್ಘವಾದ ಊಳು ಕೇಳಿಸಿತು.

"ಸಾರ್, ಸೈರನ್ ಹೊಡೀತಾ ಐತೆ. ನಾನು ಏನೂ ಮುಟ್ಟಿಲ್ಲ ಸಾರ್."

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದೆ. ಶಿಫ್ಟಿನ ಸೈರನ್ ಕೂಗಿಸುವುದೂ ಒಂದು ಕಂಪ್ಯೂಟರೇ. ಭಾನುವಾರ ಅದನ್ನು ಆರಿಸಿಡುವುದು ರೂಢಿ. ನನ್ನ 'ಎಲ್ಲ' ಗುಂಡಿ ಅದನ್ನೂ ಎಬ್ಬಿಸಿತ್ತು. ಎದ್ದ ಅದಕ್ಕೆ ವಾರ ಯಾವುದು, ಹೊತ್ತೆಷ್ಟು ಎಂದು ತಿಳಿಯದು. ಬೆಳಗಿನಿಂದ ಸಂಜೆಯವರೆಗಿನ ಸೈರನ್‌ಗಳನ್ನೆಲ್ಲ ಕರ್ತವ್ಯನಿಷ್ಠೆಯಿಂದ ಒಂದಾದ ಮೇಲೊಂದು ಕೂಗತೊಡಗಿತ್ತು.

"ನಿಲ್ಲಿಸಿ ಸಾರ್" ಎಂದ ನಲ್ಲಪ್ಪ.

ಎಬ್ಬಿಸುವುದಕ್ಕೆ ಗುಂಡಿ ಮಾಡಿದ್ದೆ. ಮಲಗಿಸುವುದಕ್ಕೆ ಮಾಡಿರಲಿಲ್ಲ. ಸರ್ವರ್ ಕೋಣೆಯ ಬೀಗದ ಕೈಯಂತೂ ಯಾರನ್ನೂ ನಂಬದ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು.

"ಬಿಲ್ಲಿಂಗ್ ಸರ್ವರ್ ಎದ್ದಿದೆಯಾ ಕೇಳು ಕೃಷ್ಣನ್ನ."

"ಅದೊಂದ್ ಬಿಟ್ಟು ಎಲ್ಲಾ ಎದ್ದವಂತೆ ಸಾರ್. ಆಫೀಸಲ್ಲಿ ಟೀವಿನೂ ಎದ್ದೈತೆ."

ಆಗ ಹೊಳೆಯಿತು. ಬಿಲ್ಲಿಂಗ್ ಸರ್ವರ್ ಅತಿ ಮುಖ್ಯವಾದದ್ದು, ಅದನ್ನು ಆರಿಸಿ ಪರೀಕ್ಷೆ ಮಾಡುವ ಧೈರ್ಯವಾಗದೆ ಕೊನೆಗೆ ಮಾಡೋಣ ಎಂದು ಬಿಟ್ಟಿದ್ದೆ. ಆ ಕೊನೆ ಬಂದೇ ಇರಲಿಲ್ಲ.

ಫೋನಿನಲ್ಲಿ ಈಗ ಇನ್ನೊಂದು ದನಿ. ಕಾರ್ಖಾನೆಯ ಹಿಂದಿನ ಬಾಡಿಗೆ ಕೋಣೆಗಳಲ್ಲಿ ನಮ್ಮ ಕಾರ್ಮಿಕರು ಇದ್ದಾರೆ, ಹೆಚ್ಚಿನವರು ವಿಜಯಪುರದ ಕಡೆಯವರು. ಅವರ ಮೇಸ್ತ್ರಿ ಯಂಕಪ್ಪ ಗೇಟಿಗೆ ಬಂದಿದ್ದ.

"ಸಾಹೇಬ್ರ, ಸೈರನ್ ಆತು ಅಂತ ಎಲ್ಲಾರೂ ಓಡಿ ಬಂದೀವ್ರಿ. ತಲಿಗೆ ಎಣ್ಣಿ ಹಚ್ಕೊಂಡವ್ರು ಹಂಗ ಬಂದಾರ. ಹೆಬ್ಬಟ್ಟು ಒತ್ತಿದ್ವಿ, ಹಾಜರಿ ಮಷೀನ್ ತಗೊಂತು. ಒಳಗ ಕಾಲಿಡೂದ್ರಾಗ ಚಾದ ಸೈರನ್ ಆತು. ಅದರ ಹಿಂದ ಊಟದ್ದು. ಈಗ ಮನಿಗೆ ಹೋಗ್ರಿ ಅನ್ನೂದೂ ಆತು. ಮತ್ತ ಹೆಬ್ಬಟ್ಟು ಒತ್ತೀವಿ. ಒಂದಿನದ ಡ್ಯೂಟಿ ಮುಗೀತಲ್ರೀ?"

"ಯಂಕಪ್ಪ, ಅದು ತಪ್ಪಾಗಿ ಆಗಿದ್ದು."

"ನಮ್ಮ ಕಡಿಂದ ಏನೂ ತಪ್ಪಿಲ್ರಿ. ಆದ್ರ ಊಟದ ಸೈರನ್ ಆತು, ಊಟ ಆಗಿಲ್ಲ. ಅಡಗಿ ಮಾಡೂ ನಮ್ಮ ಮಲಕವ್ವ ಒಲಿ ಆರಿಸಿ ಬಂದಾಳ."

ಸ್ಪೀಕರ್ ಆನ್ ಆಗಿತ್ತೆಂದು ನನಗೆ ಗೊತ್ತಾದದ್ದು ಇಡೀ ಪಂಕ್ತಿ ನಕ್ಕಾಗ. ವೇಣಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳನ್ನು ನೋಡಿ ಅತ್ತೆ ಮಾರಕ್ಕನವರು ಗಾಬರಿಯಾಗಿ, "ಸಾಕು ನಗ್ಬ್ಯಾಡ ಕಣೇ, ಇಲ್ಲೇ ಎರಿಗೆ ಆಗ್ಬಿಟ್ಟೀತು" ಎಂದು ಬೆನ್ನು ಸವರಿದರು.

ಶಶಿಕಲಾ ನಗಲಿಲ್ಲ. ಒಳಗೆ ಹೋಗಿ ಹುಳಿಯನ್ನದ ಪಾತ್ರೆ, ಉಳಿದ ಹೋಳಿಗೆ, ಮಜ್ಜಿಗೆ ಎಲ್ಲವನ್ನೂ ಕಾರಿನ ಹಿಂದೆ ಇಡಿಸಿದಳು. "ನೀವು ಕರೆದಿದ್ದೀರಿ, ಅವ್ರು ಬಂದಿದ್ದಾರೆ. ಹಸ್ಕೊಂಡಿರೋರ್ನ ವಾಪಸ್ ಕಳಿಸೋಕಾಗುತ್ತಾ? ನಡೀರಿ, ನಾನೂ ಬರ್ತೀನಿ."

ಅತ್ತಿಬೆಲೆ ಸೇರಿದಾಗ ಗೇಟಿನ ಮುಂದೆ ಜಾತ್ರೆ. ರೇಷ್ಮೆ ಸೀರೆ ಉಟ್ಟ ಶಶಿಕಲಾ ಸೆರಗು ಸಿಕ್ಕಿಸಿ ಮರದ ನೆರಳಲ್ಲಿ ಬಡಿಸಲು ನಿಂತಳು. ಮಲಕವ್ವ ಬಂದು ಸೌಟು ಹಿಡಿದಳು. ಲಾರಿ ಡ್ರೈವರೂ ಕ್ಯಾಬಿನ್ನಿನಿಂದ ಇಳಿದು ಸಾಲಿನಲ್ಲಿ ಕೂತ. ಕೃಷ್ಣ ಒಬ್ಬನೇ ಗಡಿಯಾರ ನೋಡುತ್ತ ಓಡಾಡುತ್ತಿದ್ದ. ಹಾಜರಿ ಬಿದ್ದಮೇಲೆ ಸೋಮವಾರ ರಜೆ ಕೊಡಲೇಬೇಕೆಂದು ಯಂಕಪ್ಪ ಹೋಳಿಗೆ ಮುರಿಯುತ್ತ ಅವನಿಂದ ಒಪ್ಪಿಗೆಯನ್ನೂ ಪಡೆದ.

ನಾನು ಸರ್ವರ್ ಕೋಣೆಯ ಬೀಗ ತೆಗೆದು, ನೆಲದ ಮೇಲೆ ಕೂತು, ಲ್ಯಾಪ್‌ಟಾಪ್ ಬಿಚ್ಚಿದೆ. ಇದನ್ನೂ ಫೋನಿನಿಂದಲೇ ಎಬ್ಬಿಸಬೇಕೆಂಬ ಹಟದಲ್ಲಿ ಯಾವ ಸೆಟ್ಟಿಂಗ್, ಯಾವ ವೈರು ಎಂದು ಗಹನವಾದ ಶೋಧನೆಯಲ್ಲಿ ಮುಳುಗಿದೆ. ಶಶಿಕಲಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

"ಯಾವುದ್ರೀ ಏಳದೇ ಇರೋದು?"

"ಆ ಕಪ್ಪು ಪೆಟ್ಟಿಗೆ. ತಡಿ, ಅದೆಲ್ಲ ನಿಂಗೆ ಅರ್ಥ ಆಗಲ್ಲ."

"ಈ ಗುಂಡಿ ಏನು?" ಎನ್ನುತ್ತ ಅದರ ಮುಂಭಾಗದಲ್ಲಿದ್ದುದನ್ನು ಒತ್ತಿಯೇಬಿಟ್ಟಳು.

ದೀಪ ಹತ್ತಿತು. ಫ್ಯಾನು ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಆಚೆಯಿಂದ ಪ್ರಿಂಟರಿನ ಸದ್ದು, ಅದರ ಹಿಂದೆಯೇ ಕೃಷ್ಣನ "ಬಂತು ಬಂತು" ಎಂಬ ಕೂಗು, ಲಾರಿ ಹೊರಟ ಸದ್ದು.

ಶಶಿಕಲಾ ತನ್ನ ಬೆರಳನ್ನೊಮ್ಮೆ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

"ನಮ್ಮಣ್ಣನ ಮದುವೆ ಧಾರೆ ಬಿಟ್ಟು ಓಡಿ ಬಂದಿದ್ರಲ್ಲ, ಅವತ್ತೂ ಮಾಡಿದ್ದು ಇಷ್ಟೇನಾ?"

"ಅದು... ಒತ್ತೋದಕ್ಕೂ ಒಂದು ಕ್ರಮ ಇರುತ್ತೆ."

"ನಮ್ಮಜ್ಜಿ ವೈಕುಂಠ ಸಮಾರಾಧನೆಗೆ ಬಂದು, ಕೂತ ಹತ್ತು ನಿಮಿಷಕ್ಕೆ ಎದ್ದು ಹೋದ್ರಲ್ಲ, ಆಗ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಅವಳಿಗೆ ಸಿಟ್ಟು ಬರಲೇ ಇಲ್ಲ. ಮುಖ ಅರಳಿತು. ಅಂಗೈ ಚಾಚಿದಳು.

"ಬೀಗದ ಕೈ ಕೊಡಿ ಇಲ್ಲಿ. ಮುಂದಿನ ಸಲ ನಾನೇ ಬಂದು ಒತ್ತಿ ಹೋಗ್ತೀನಿ. ನೀವು ಫಂಕ್ಷನ್‌ನಲ್ಲಿ ಆರಾಮಾಗಿ ಕೂತ್ಕೊಂಡು ನಮ್ಮಮ್ಮನ ಮಂಡಿನೋವಿನ ಕಥೆ ಪೂರ್ತಿ ಕೇಳಿ."